ಕಾಶಿಯದಲ್ಲದ ಕಾಶಿಕಣಗಿಲೆ

ಉತ್ತರ ಕರ್ನಾಟಕದ ಅಡ್ಡಹೆಸರುಗಳಲ್ಲಿ ಒಂದು ತಮಾಷೆಯಿದೆ. ನಂದೂರ ಎಂಬ ಅಡ್ಡಹೆಸರಿನವರನ್ನು ಕಾಣಬೇಕೆಂದು ಕಲಬುರಗಿ ಮಗ್ಗುಲಿನ ನಂದೂರಿಗೇ ಹೋದರೆ ನಿರಾಸೆಯಾದೀತು. ಅಲ್ಲಿರುವವರೆಲ್ಲ ನಂದೂರದವರೇ ಆದ್ದರಿಂದ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ತೋರಿಸಲು ಆ ಹೆಸರು ಕೆಲಸಕ್ಕೆ ಬಾರದು. ಅಲ್ಲಿ ಬಡಿಗೇರ, ಹೂಗಾರ, ಕುಲಕರ್ಣಿ ಎಂದು ಕಸುಬು ಹಿಡಿದೇ ಕರೆಯಬೇಕು. ಊರು ಬಿಟ್ಟು ಹತ್ತು ಹರದಾರಿ ಆಚೆ ಹೋಗಿ ನೆಲೆಸಿದವರಿಗೆ ಮಾತ್ರ ಆ ಹೊಸ ಊರಿನವರು ‘ಇವರು ನಂದೂರದವರು’ ಎಂದು ಗುರುತು ಹಚ್ಚುತ್ತಾರೆ, ಮಕ್ಕಳ ಕಾಲಕ್ಕೆ ಅದೇ ಶಾಲೆಯ ದಾಖಲೆಗೆ ಏರುತ್ತದೆ. ಎಂ.ಎಂ. ಕಲಬುರ್ಗಿಯವರು 1938ರಲ್ಲಿ ಹುಟ್ಟಿದ್ದು ಈಗಿನ ವಿಜಯಪುರ ಜಿಲ್ಲೆಯ ಯರಗಲ್ಲಿನಲ್ಲಿ, ಪಾಠ ಹೇಳಿದ್ದು ಧಾರವಾಡದಲ್ಲಿ. ಅವರ ಹೆಸರನ್ನಷ್ಟೇ ಹಿಡಿದು ಜನನ ದಾಖಲೆ ಹುಡುಕಲು ಹೊರಟವನು ತಪ್ಪು ಕಚೇರಿಯ ಮುಂದೆ ನಿಂತಿರುತ್ತಾನೆ. ಅಡ್ಡಹೆಸರನ್ನು ಇಡುವವರು ಬಂದವರಲ್ಲ, ಬರಮಾಡಿಕೊಂಡವರು. ಅವರಿಗೆ ತಿಳಿದಿದ್ದು ಕೊನೆಯ ಮಜಲು ಮಾತ್ರ. ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ, ಬೇಲಿಯ ಬುಡದಲ್ಲಿ ಯಾರೂ ಬಿತ್ತದೆ ವರ್ಷವರ್ಷವೂ ಎದ್ದು ಬರುವ ಮೂಲಿಕೆಗಳ ಹೆಸರನ್ನೂ ಇದೇ ಎಚ್ಚರದಿಂದ ಓದಬೇಕು ಎಂಬುದು ನನ್ನ ವಾದ. ಗಿಡದ ತವರು ಯಾವುದು ಎಂದು ಕೇಳಿದರೆ ಆಡುಮಾತಿನ ಹೆಸರು ಸುಳ್ಳು ಹೇಳುತ್ತದೆ. ಗಿಡ ನಮಗೆ ಎಷ್ಟು ಕಾಲದಿಂದ ಗೊತ್ತು, ಯಾರ ಬಳಗಕ್ಕೆ ಸೇರಿದ್ದು ಎಂದು ಕೇಳಿದರೆ ಬಹುಮಟ್ಟಿಗೆ ನಿಜ ಹೇಳುತ್ತದೆ.

ಕಾಶಿಕಣಗಿಲೆಯನ್ನೇ ತೆಗೆದುಕೊಳ್ಳಿ. ಗುಲಾಬಿ ಅಥವಾ ಬಿಳಿ ಬಣ್ಣದ ಐದೆಸಳಿನ ಹೂ, ನಡುವೆ ಒಂದು ಕಡುಬಣ್ಣದ ಚುಕ್ಕೆ, ಮಿರುಗುವ ಎಲೆ. ಗುಡಿಯ ಅಂಗಳದಿಂದ ತಪ್ಪಿಸಿಕೊಂಡು ಈಗ ಗೋಡೆಯ ಬಿರುಕಿನಲ್ಲೂ ಗೋರಿಗಳ ನಡುವೆಯೂ ಬೆಳೆಯುತ್ತದೆ, ದನ ಮುಟ್ಟುವುದಿಲ್ಲ, ಬರ ಬಂದರೂ ಹೂ ನಿಲ್ಲುವುದಿಲ್ಲ. ಆ ಕಾರಣಕ್ಕೆ ಇದನ್ನು ಸದಾಪುಷ್ಪ, ನಿತ್ಯಮಲ್ಲಿಗೆ ಎಂದೂ ಕರೆಯುತ್ತಾರೆ; ತುರುಕಮಲ್ಲಿಗೆ ಎಂಬ ಹೆಸರೂ ಉಂಟು. ಒಂದು ಹೆಸರಿನ ಪ್ರಕಾರ ಗಿಡ ಗಂಗೆಯ ದಂಡೆಯಿಂದ ಬಂತು, ಇನ್ನೊಂದರ ಪ್ರಕಾರ ಪಡುವಣದ ಮುಸಲ್ಮಾನ ನಾಡಿನಿಂದ. ನಿಜಕ್ಕೆ ಈ ಜಾತಿ ಕಾಡಿನಲ್ಲಿ ತಾನಾಗಿ ಇರುವುದು ಮಡಗಾಸ್ಕರ್ ದ್ವೀಪದಲ್ಲಿ ಮಾತ್ರ. ಇದು ಸೇರಿದ ಕ್ಯಾಥರಾಂಥಸ್ ಕುಲದ ಒಂದು ಜಾತಿ ಭಾರತದ್ದಾದರೂ ಅದು ಬೇರೆಯೇ, ಸಣ್ಣ ಹೂವಿನ ಹೊಲದ ಗಿಡ. ಲಿನೇಯಸ್ 1759ರಲ್ಲಿ ವಿಂಕಾ ರೋಸಿಯಾ ಎಂದು ಹೆಸರಿಟ್ಟ ಇದನ್ನು 1837ರಲ್ಲಿ ಜಾರ್ಜ್ ಡಾನ್ ಕ್ಯಾಥರಾಂಥಸ್ ರೋಸಿಯಸ್ ಎಂದು ಬದಲಿಸಿದ. 1950ರ ದಶಕದ ಕೊನೆಯಲ್ಲಿ ಕೆನಡಾದ ಸಂಶೋಧಕರು ಇದೇ ಗಿಡದಿಂದ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಅದರ ಬೆನ್ನಲ್ಲೇ ಬಂದ ವಿನ್‌ಕ್ರಿಸ್ಟಿನ್ ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಮುಖ್ಯ ಔಷಧಿಗಳಲ್ಲಿ ಒಂದು. ಇಷ್ಟು ದೊಡ್ಡ ಚರಿತ್ರೆಯಲ್ಲಿ ಕಾಶಿಗೆ ಎಲ್ಲೂ ಜಾಗವಿಲ್ಲ. ಹಾಗಾದರೆ ಕಾಶಿ ಬಂದದ್ದು ಎಲ್ಲಿಂದ? ನಮ್ಮಲ್ಲಿ ದೂರದ್ದು, ಪೂಜೆಗೆ ಸಲ್ಲುವಂಥದ್ದು ಎಂಬ ಎರಡನ್ನೂ ಒಟ್ಟಿಗೆ ಹೇಳಲು ಕಾಶಿಗಿಂತ ಸುಲಭದ ಊರು ಬೇರೆ ಸಿಗದು. ಹೂವನ್ನು ದೇವರಿಗೆ ಏರಿಸಲು ಮನಸ್ಸು ಮಾಡಿದವರು ಅದಕ್ಕೊಂದು ಯೋಗ್ಯ ವಿಳಾಸವನ್ನೂ ಕೊಟ್ಟರು, ಅಷ್ಟೆ.

ಬಳ್ಳಾರಿ ಜಾಲಿಯದ್ದು ಇನ್ನೂ ನೇರವಾದ ಉದಾಹರಣೆ. ಮೂಲಿಕೆಯಲ್ಲ, ಮರ, ಆದರೆ ಕಲಬುರಗಿ ಸುತ್ತಿನ ಪಾಳುನೆಲದಲ್ಲಿ ಅದನ್ನು ಬಿಟ್ಟು ಮಾತಾಡುವುದು ಕಷ್ಟ. ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆಯ ಈ ಪ್ರೊಸೋಪಿಸ್ ಭಾರತಕ್ಕೆ ಬಂದದ್ದು 1877ರ ಸುಮಾರಿಗೆ, ಉರುವಲಿನ ಬರ ನೀಗಿಸಲು ಸರ್ಕಾರದವರು ತರಿಸಿದ ಬೀಜವಾಗಿ. ತೆಲುಗಿನಲ್ಲಿ ಇದು ಸರ್ಕಾರಿ ತುಮ್ಮ, ಕನ್ನಡದಲ್ಲಿ ಬಳ್ಳಾರಿ ಜಾಲಿ. ಒಬ್ಬರು ತಂದವರ ಹೆಸರು ಹಿಡಿದರು, ಇನ್ನೊಬ್ಬರು ತಮಗೆ ಮುಟ್ಟಿಸಿದ ದಿಕ್ಕಿನ ಹೆಸರು ಹಿಡಿದರು. ಅಮೆರಿಕ ಇಬ್ಬರಿಗೂ ಕಾಣಲಿಲ್ಲ. ಇದು ಹಳ್ಳಿಗರ ಅಜ್ಞಾನ ಎಂದು ನಗುವವರು ಇಂಗ್ಲಿಷಿನವರು ನಮ್ಮ ಗರಿಕೆಗೆ ಏನೆನ್ನುತ್ತಾರೆ ಎಂದು ನೋಡಬೇಕು. ಹಳೆಯ ಜಗತ್ತಿನ ಬಿಸಿಲುನಾಡುಗಳಲ್ಲೆಲ್ಲ ಹಬ್ಬಿದ ಹುಲ್ಲಿಗೆ ಅವರಿಟ್ಟ ಹೆಸರು ಬರ್ಮುಡಾ ಹುಲ್ಲು, ಅಟ್ಲಾಂಟಿಕ್ ಸಾಗರದ ನಡುವಿನ ಒಂದು ಪುಟ್ಟ ದ್ವೀಪದ ಮೇಲೆ. ಫ್ರೆಂಚರು ಮೆಕ್ಕೆಜೋಳಕ್ಕೆ ತುರ್ಕಿಯ ಗೋಧಿ ಎಂದರು. ಬೆಳೆಗಳ ಮೂಲವನ್ನು ಹುಡುಕುವ ವಿದ್ಯೆಗೆ ತಳಪಾಯ ಹಾಕಿದ ಆಲ್ಫೋನ್ಸ್ ದ ಕಾಂಡೋಲ್ 1882ರ ತನ್ನ ಗ್ರಂಥದಲ್ಲಿ ಸಸ್ಯಶಾಸ್ತ್ರ, ಉತ್ಖನನ, ಇತಿಹಾಸಗಳ ಜತೆ ಭಾಷೆಯನ್ನೂ ಸಾಕ್ಷಿಕಟ್ಟೆಗೆ ಕರೆದಿದ್ದ. ಆದರೆ ಆಡುಹೆಸರುಗಳನ್ನು ನಂಬಿ ಕೆಡಬೇಡಿ ಎಂದು ಎಚ್ಚರಿಸಲು ಅವನು ಎತ್ತಿಕೊಂಡದ್ದರಲ್ಲಿ ಈ ತುರ್ಕಿಯ ಗೋಧಿಯೂ ಒಂದು.

ಇನ್ನು ನಂದೂರಿನ ನೆಲಕ್ಕೆ ಬರೋಣ. ಇದು ಎರೆಭೂಮಿ. ಮಳೆಗೆ ಉಬ್ಬಿ ಮುದ್ದೆಯಾಗುವ, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರಿಯುವ ಮಣ್ಣು. ಇಂಥಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಬದುಕಬೇಕೆಂದರೆ ಮೂಲಿಕೆಗೆ ಇರುವುದು ಒಂದೇ ಉಪಾಯ: ಮೇಲಿನದನ್ನು ಒಣಗಲು ಬಿಟ್ಟು ಕೆಳಗಿನದನ್ನು ಕಾಪಾಡಿಕೊಳ್ಳುವುದು. ಜೇಕು ಇದರಲ್ಲಿ ಪಳಗಿದ್ದು. ಹುಲ್ಲಿನಂತೆ ಕಂಡರೂ ಹುಲ್ಲಲ್ಲ. ದಂಟನ್ನು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಅಂಚು ಕೈಗೆ ತಾಗುತ್ತವೆ. ನೆಲದೊಳಗೆ ದಾರಕ್ಕೆ ಪೋಣಿಸಿದಂತೆ ಕಪ್ಪು ಗಡ್ಡೆಗಳ ಸಾಲು, ಮುರಿದರೆ ಒಳಗೆ ಬಿಳಿ, ಮೂಗಿಗೆ ಹಿಡಿದರೆ ಘಮ. ಸಾಲು ಇಡಿಯಾಗಿದ್ದಾಗ ತುದಿಯ ಗಡ್ಡೆ ಮಾತ್ರ ಮೊಳೆತು ಉಳಿದವು ಸುಮ್ಮನಿರುತ್ತವೆ. ಕುಂಟೆ ಹೊಡೆದು ದಾರ ಕಡಿದಿರೋ, ಸುಮ್ಮನಿದ್ದ ಒಂದೊಂದೂ ಬೇರೆ ಬೇರೆ ಗಿಡವಾಗಿ ಎದ್ದುಬರುತ್ತದೆ. ಕಸ ತೆಗೆದಷ್ಟೂ ಹೆಚ್ಚಾಯಿತು ಎಂದು ರೈತ ಬಯ್ಯುವುದರಲ್ಲಿ ಉತ್ಪ್ರೇಕ್ಷೆಯಿಲ್ಲ. 1977ರಲ್ಲಿ ಹೋಮ್ ಮತ್ತು ಸಂಗಡಿಗರು ಜಗತ್ತಿನ ಅತಿ ಕೆಟ್ಟ ಕಳೆಗಳ ಪಟ್ಟಿ ಮಾಡಿದಾಗ ಮೊದಲ ಜಾಗ ಕೊಟ್ಟದ್ದು ಇದಕ್ಕೇ. ನಾಟಿವೈದ್ಯರಿಗೆ ಅದೇ ಗಡ್ಡೆ ಭದ್ರಮುಷ್ಟಿ, ಕೊನ್ನಾರಿಗಡ್ಡೆ. ಕರಕಿಯ, ಅಂದರೆ ಗರಿಕೆಯ, ಕಥೆಯೂ ಇಂಥದ್ದೇ: ಮೇಲೆ ಹರಿದಾಡುವ ಬಳ್ಳಿ ಒಂದು, ಆಳದಲ್ಲಿ ಓಡುವ ಕಾಂಡ ಇನ್ನೊಂದು. ಬಹುವಾರ್ಷಿಕಗಳ ಹೆಸರುಗಳಲ್ಲಿ ಬೇರು, ಗಡ್ಡೆ ಎಂಬ ಪದಗಳು ಇಷ್ಟೊಂದು ಬರುವುದು ಆಕಸ್ಮಿಕವಲ್ಲ. ಕೊಮ್ಮೆಬೇರು, ಸೊಗದೆಬೇರು, ಶತಾವರಿಗೆ ಹಲವು ಮಕ್ಕಳ ತಾಯಿಬೇರು. ವರ್ಷಪೂರ್ತಿ ಇರುವುದು ಅದೇ, ಜನರಿಗೆ ಬೇಕಾದದ್ದೂ ಅದೇ. ಕೊಮ್ಮೆಗೆ ಸಂಸ್ಕೃತದಲ್ಲಿ ಪುನರ್ನವ ಎಂದಾಗ ಹೆಸರಿಟ್ಟವನು ಗಿಡವನ್ನು ಒಂದು ಮಳೆಗಾಲ ನೋಡಿ ಹೋದವನಲ್ಲ, ಬೇಸಿಗೆಯಲ್ಲಿ ಸತ್ತದ್ದು ಮುಂಗಾರಿಗೆ ಅದೇ ಬೇರಿನಿಂದ ಎದ್ದದ್ದನ್ನು ಕಾದು ಕಂಡವನು.

ಜೇಕು, ಕರಕಿ, ಕೊಮ್ಮೆ ಎಂಬ ಹೆಸರುಗಳನ್ನು ಪಕ್ಕದಲ್ಲಿ ಇಟ್ಟು ಕಾಶಿಕಣಗಿಲೆ, ಬಳ್ಳಾರಿ ಜಾಲಿಗಳನ್ನು ನೋಡಿದರೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮೊದಲಿನವು ಗಿಡ್ಡ, ಒಂದೇ ಪದ, ಬಿಡಿಸಲು ಬಾರದವು. ಕರಕಿ ಎಂದರೆ ಏನು ಎಂದು ಕೇಳಿದರೆ ಕರಕಿ ಎಂದರೆ ಕರಕಿ ಎಂದೇ ಹೇಳಬೇಕು. ಎರಡನೆಯವು ಜೋಡುಪದಗಳು, ಮೊದಲೇ ಗೊತ್ತಿದ್ದ ಒಂದು ಗಿಡದ ಹೆಸರಿಗೆ ಊರನ್ನೋ ಬಣ್ಣವನ್ನೋ ಗುಣವನ್ನೋ ಅಂಟಿಸಿ ಕಟ್ಟಿದ್ದು. ಗಿಡ್ಡ ಹೆಸರುಗಳಿಗೆ ನೆರೆಯ ದ್ರಾವಿಡ ನುಡಿಗಳಲ್ಲಿ ಒಡಹುಟ್ಟುಗಳೂ ಇರುತ್ತವೆ. ಕನ್ನಡದ ಗರಿಕೆ ತೆಲುಗಿನಲ್ಲಿ ಗರಿಕ. ನಮ್ಮ ಎಕ್ಕೆ ತಮಿಳಿನಲ್ಲಿ ಎರುಕ್ಕು, ಮಲಯಾಳದಲ್ಲಿ ಎರಿಕ್ಕು. ತುಂಬೆ ತಮಿಳಿನಲ್ಲಿ ತುಂಬೈ, ಮಲಯಾಳದಲ್ಲಿ ತುಂಬ. ಈ ನುಡಿಗಳು ಬೇರೆಯಾಗುವ ಮೊದಲೇ ಇಲ್ಲಿನ ಜನ ಆ ಗಿಡಗಳನ್ನು ಗುರುತಿಸಿ ಕರೆಯುತ್ತಿದ್ದರು ಎನ್ನುವುದಕ್ಕೆ ಇದು ಗಟ್ಟಿ ಸೂಚನೆ. ಅಂದರೆ ಸಾಕ್ಷಿ ಇರುವುದು ಹೆಸರಿನ ಅರ್ಥದಲ್ಲಲ್ಲ, ಮೈಕಟ್ಟಿನಲ್ಲಿ. ಅರ್ಥ ಹುಡುಕುವ ಚಟ ನಮಗೆ ಹಳೆಯದು. ಈ ಜಿಲ್ಲೆಯ ಹೆಸರನ್ನೇ ಫಾರ್ಸಿ ಬಲ್ಲವರು ಗುಲ್ ಮತ್ತು ಬರ್ಗ್ ಎಂದು ಒಡೆದು ಹೂವು, ಎಲೆ ಕಂಡರು. ಕನ್ನಡದವರು ಅದರಲ್ಲಿ ಕಲ್ಲು ಕಂಡರು. 2014ರ ನವೆಂಬರ್ 1ರಂದು ಗುಲಬರ್ಗಾ ಕಲಬುರಗಿಯಾಗಿ, ಕಲ್ಲಿನ ಪಕ್ಷ ಸರ್ಕಾರಿ ಗೆಜೆಟ್ಟಿನಲ್ಲಿ ಗೆದ್ದಿತು. ಬೇಸಿಗೆಯಲ್ಲಿ ಇಲ್ಲಿ ಓಡಾಡಿದ ಯಾರೂ ಈ ತೀರ್ಪಿಗೆ ತಕರಾರು ಎತ್ತಲಾರರು, ಆದರೆ ಊರಿನ ವಯಸ್ಸು ಎರಡೂ ವ್ಯುತ್ಪತ್ತಿಗಳಿಂದ ಗೊತ್ತಾಗುವುದಿಲ್ಲ.

ಹೊಸಬರ ಹೆಸರು ಹೇಗೆ ಕಟ್ಟಲ್ಪಡುತ್ತದೆ ಎಂದು ನೋಡಲು ಟ್ರೈಡ್ಯಾಕ್ಸ್‌ನಷ್ಟು ಒಳ್ಳೆಯ ಗಿಡವಿಲ್ಲ. ಯಾವ ರಸ್ತೆಯ ಅಂಚಿನಲ್ಲೂ, ಖಾಲಿ ನಿವೇಶನದಲ್ಲೂ ಇದೆ. ದಂಟು ನೆಲಕ್ಕೆ ಮಲಗಿ ಗೆಣ್ಣುಗೆಣ್ಣಿಗೆ ಬೇರು ಬಿಡುತ್ತಾ ಸರಿಯುತ್ತದೆ, ಎಲೆ ಒರಟು, ಅಂಚು ಗರಗಸ. ಇಷ್ಟೆಲ್ಲ ನೆಲಕ್ಕಂಟಿದ ಗಿಡದಿಂದ ಗೇಣುದ್ದದ ಬೋಳು ತೊಟ್ಟೊಂದು ನೆಟ್ಟಗೆ ಎದ್ದು ಅದರ ತುದಿಗೆ ಒಂದೇ ಒಂದು ಹೂತಲೆ. ನಡುವೆ ಹಳದಿ ಬಿಲ್ಲೆ, ಸುತ್ತ ಕೆನೆಬಣ್ಣದ ನಾಲ್ಕೈದು ಎಸಳು, ಒಂದೊಂದು ಎಸಳಿನ ತುದಿಯಲ್ಲೂ ಕತ್ತರಿಸಿದಂತೆ ಮೂರು ಹಲ್ಲು. ಒಣಗಿದ ಮೇಲೆ ಗರಿಯ ಕುಚ್ಚು ಹೊತ್ತ ಬೀಜಗಳು ಗಾಳಿಗೆ ಏಳುತ್ತವೆ. ಲಿನೇಯಸ್ 1753ರಲ್ಲಿ ಇದನ್ನು ಬಣ್ಣಿಸಿದಾಗ ವಾಸಸ್ಥಾನ ಎಂದು ಬರೆದದ್ದು ಮೆಕ್ಸಿಕೋದ ವೆರಾಕ್ರೂಸ್. ಕನ್ನಡದಲ್ಲಿ ಇದು ಗಬ್ಬು ಸಣ್ಣ ಸೇವಂತಿ, ತೆಲುಗಿನಲ್ಲಿ ಗಡ್ಡಿ ಚಾಮಂತಿ, ಅಂದರೆ ಹುಲ್ಲುಸೇವಂತಿ. ತಮಿಳರು ಗಾಯಕ್ಕೆ ಹಿಂಡುವ ಉಪಯೋಗವನ್ನು ನೋಡಿ ವೆಟ್ಟುಕ್ಕಾಯ ಪೂಂಡು ಎಂದರು. ಮೂರು ನುಡಿಗಳಲ್ಲೂ ಜೋಡುಪದ. ಯಾವುದರಲ್ಲೂ ಒಂದು ಗಿಡ್ಡ ಹಳೆಯ ಹೆಸರಿಲ್ಲ. ಇಡೀ ದಖ್ಖನ್ನಿನಲ್ಲಿ ಕಾಲಿಗೆ ಸಿಗುವ ಗಿಡವೊಂದಕ್ಕೆ ಇಷ್ಟು ಹಳೆಯ ನುಡಿಗಳು ಒಂದೂ ಸ್ವಂತ ಹೆಸರು ಇಡದೆ ಹೋಲಿಕೆಯ ಮೇಲೆ ಕೆಲಸ ಸಾಗಿಸಿದ್ದರೆ, ಆ ಗಿಡ ತಡವಾಗಿ ಬಂದದ್ದು ಎಂದು ಊಹಿಸಲು ಲಿನೇಯಸನ ಪುಸ್ತಕವೂ ಬೇಡ. ಹೋಲಿಕೆಗೆ ಸಿಕ್ಕ ಸೇವಂತಿಯೂ ಚೀನಾದ ಕಡೆಯಿಂದ ಬಂದ ಅತಿಥಿ ಎಂಬುದು ಬೇರೆ ಮಾತು. ಅಷ್ಟು ಹೊತ್ತಿಗೆ ಅದು ಮನೆಯವಳಾಗಿತ್ತು.

ಇಲ್ಲಿಯೇ ಇನ್ನೊಂದು ಸಂಗತಿ ಇದೆ, ನನಗೆ ಎಲ್ಲಕ್ಕಿಂತ ಹೆಚ್ಚು ಸೊಗಸೆನಿಸುವುದು ಇದೇ. ಸೇವಂತಿ, ಟ್ರೈಡ್ಯಾಕ್ಸ್ ಎರಡೂ ಸಸ್ಯಶಾಸ್ತ್ರದ ಪ್ರಕಾರ ಆಸ್ಟರೇಸಿ ಎಂಬ ಒಂದೇ ಕುಟುಂಬದವು. ಹೆಸರಿಟ್ಟವರಿಗೆ ತವರು ತಪ್ಪಿತ್ತು, ನಂಟು ತಪ್ಪಲಿಲ್ಲ. ಕಣಗಿಲೆಯೂ ಕಾಶಿಕಣಗಿಲೆಯೂ ಅಪೊಸೈನೇಸಿ ಕುಟುಂಬದ ಅಕ್ಕತಂಗಿಯರು. ಗಾಳಿಗಿರಿಗಿಟ್ಟಿಯಂತೆ ಒಂದೇ ಕಡೆಗೆ ತಿರುಚಿದ ಐದು ಎಸಳನ್ನು ನೋಡಿ ಅಂದಾಜು ಮಾಡಿದವರ ಕಣ್ಣು ಸಣ್ಣದಲ್ಲ. ಬಳ್ಳಾರಿ ಜಾಲಿಯೂ ನಮ್ಮ ಕರಿಜಾಲಿಯೂ ಹತ್ತಿರದ ಬಂಧುಗಳು. ದಕ್ಷಿಣ ಅಮೆರಿಕದಿಂದ ಬಂದು ಚಪ್ಪಲಿಗೆ ಚುಚ್ಚುವ ಆಲ್ಟರ್ನಾಂಥೆರಾ ಪಂಜೆನ್ಸ್ ಮುಳ್ಳುಹೊನಗೊನ್ನೆಯಾಯಿತು. ನಾವು ತಿನ್ನುವ ಹೊನಗೊನ್ನೆಯೂ ಅದೇ ಆಲ್ಟರ್ನಾಂಥೆರಾ ಕುಲ. ಎಡವಿದ ಪ್ರಸಂಗಗಳೂ ಇವೆ. ಹಳದಿ ಹೂವಿನ ಮುಳ್ಳುಗಿಡ ಆರ್ಜಿಮೋನೆಯನ್ನು ಕಾಯಿಯ ಮುಳ್ಳು ನೋಡಿ ಅರಿಸಿನ ಉಮ್ಮತ್ತಿ ಎಂದರು. ಅದು ಗಸಗಸೆಯ ಕುಟುಂಬದ್ದು, ಉಮ್ಮತ್ತಿ ಬದನೆಯ ಕುಟುಂಬದ್ದು. ಆದರೂ ಒಟ್ಟು ಲೆಕ್ಕದಲ್ಲಿ ಆಡುಹೆಸರು ವಂಶಾವಳಿಯ ವಿಷಯದಲ್ಲಿ ಭೂಗೋಳಕ್ಕಿಂತ ಎಷ್ಟೋ ಪಾಲು ಮೇಲು. ಕಾರಣವೂ ಸರಳ. ನಂಟು ಗಿಡದ ಮೈಮೇಲೆಯೇ ಇರುತ್ತದೆ, ಕಣ್ಣಿದ್ದವರಿಗೆ ಕಾಣುತ್ತದೆ. ತವರು ಮೈಮೇಲೆ ಇರುವುದಿಲ್ಲ.

ಈ ಮೈಕಟ್ಟಿನ ಸೂತ್ರಕ್ಕೆ ಆಕ್ಷೇಪ ಎತ್ತುವವರು ನೆಲಬೇವನ್ನು ಮುಂದಿಡಬಹುದು. ಅದೂ ಜೋಡುಪದ, ಆದರೆ ಇಲ್ಲಿನದೇ ಗಿಡ. ಶತಾವರಿಯ ಹಲವು ಮಕ್ಕಳ ತಾಯಿಬೇರು ಎಂಬುದಂತೂ ಹೆಸರಲ್ಲ, ಒಂದು ವಾಕ್ಯ, ಅದೂ ಹೊರಗಿನದಲ್ಲ. ಒಪ್ಪತಕ್ಕ ಮಾತು. ಅಪರೂಪಕ್ಕೆ ಕಾಣುವ, ವೈದ್ಯನಿಗೆ ಮಾತ್ರ ಬೇಕಾದ ಗಿಡಕ್ಕೆ ದಿನಬಳಕೆಯ ಗಿಡ್ಡ ಹೆಸರು ಹುಟ್ಟದೇ ಹೋಗಬಹುದು, ಹಳೆಯ ಹೆಸರು ಮರೆತು ಹೊಸದು ಬಂದಿರಲೂಬಹುದು. ಹೀಗಾಗಿ ಜೋಡುಪದ ಕಂಡ ಕೂಡಲೇ ಪರದೇಶಿ ಎಂದು ಮುದ್ರೆ ಒತ್ತುವಂತಿಲ್ಲ. ದಿನವೂ ಕಾಲಿಗೆ ಸಿಗುವ ಗಿಡಕ್ಕೆ ಜೋಡುಪದದ ಹೆಸರು ಮಾತ್ರ ಇದ್ದರೆ ಅನುಮಾನ ಪಡಬೇಕು. ತಿರುಗುಮುರುಗಾದ ಆಕ್ಷೇಪ ಇನ್ನೂ ಚೂಪಾದದ್ದು: ಗಿಡ್ಡ ಹೆಸರಿದ್ದರೆ ಸ್ವದೇಶಿಯೇ? ಇದಕ್ಕೆ ಉತ್ತರ ಕಲಬುರಗಿಯ ಊಟದ ತಾಟಿನಲ್ಲಿದೆ. ತೊಗರಿ ಇಲ್ಲಿಯದು ಎನ್ನಲು ಆಧಾರವಿದೆ. ಅದರ ಕಾಡು ಪೂರ್ವಜ ಬಸ್ತರ, ಒಡಿಶಾ ಕಡೆಯ ಕಾಡಿನಲ್ಲಿ ಇಂದಿಗೂ ಸಿಗುತ್ತದೆ. ಜೋಳದ ಪೂರ್ವಜ ಇರುವುದು ಆಫ್ರಿಕದ ಸುಡಾನ್ ಸೀಮೆಯಲ್ಲಿ. ಜೋಳ ಎಂಬ ಹೆಸರು ಮಾತ್ರ ತೊಗರಿಯಷ್ಟೇ ಗಿಡ್ಡ, ಅಷ್ಟೇ ಗಟ್ಟಿ. ಮೂರುನಾಲ್ಕು ಸಾವಿರ ವರ್ಷ ಒಟ್ಟಿಗೆ ಬಾಳಿದ ಮೇಲೆ ಜೋಡುಪದಗಳು ಸವೆದು ಒಂದಾಗುತ್ತವೆ, ಅಥವಾ ಬಂದದ್ದು ಮರೆತೇಹೋಗುತ್ತದೆ. ಆದ್ದರಿಂದಲೇ ಗಿಡ್ಡ ಹೆಸರು ಪರಿಚಯ ಹಳೆಯದು ಎನ್ನುತ್ತದೆಯೇ ಹೊರತು ಹುಟ್ಟು ಇಲ್ಲಿಯದು ಎನ್ನುವುದಿಲ್ಲ. ಅಷ್ಟು ಹೇಳಿದರೂ ಅದು ಸಣ್ಣ ಮಾತಲ್ಲ.

ಎರಡನೆಯ ಆಕ್ಷೇಪ ಪಂಡಿತರದು. ಆಡುಮಾತು ಬಿಡಿ, ಸಂಸ್ಕೃತದ ನಿಘಂಟುಗಳಲ್ಲಿ ಹೆಸರಿದ್ದರೆ ಗಿಡ ಪ್ರಾಚೀನ ಎಂದು ಒಪ್ಪಲೇಬೇಕಲ್ಲ ಎನ್ನುತ್ತಾರೆ. ಹೆಸರು ಪ್ರಾಚೀನ ಎಂದು ಒಪ್ಪೋಣ. ಆದರೆ ಗ್ರಂಥದಲ್ಲಿರುವುದು ಹೆಸರು ಮಾತ್ರ. ಆ ಹೆಸರಿನ ಗಿಡ ಯಾವುದು ಎಂದು ತೋರಿಸುವ ಬೆರಳು ಗ್ರಂಥದಲ್ಲಿಲ್ಲ. ಚರಕ, ಸುಶ್ರುತರಲ್ಲಿ ಸ್ವರ್ಣಕ್ಷೀರಿ ಬರುತ್ತದೆ. ಮುರಿದರೆ ಹೊನ್ನಿನ ಬಣ್ಣದ ಹಾಲು ಒಸರುವ ಗಿಡ ಎಂದು ಇಂದು ಹಲವೆಡೆ ಆ ಹೆಸರಿನಲ್ಲಿ ಎತ್ತಿ ತೋರಿಸುವುದು ಮೇಲೆ ಹೇಳಿದ ಆರ್ಜಿಮೋನೆ ಮೆಕ್ಸಿಕಾನವನ್ನು. ಕೊಲಂಬಸನಿಗೆ ಮುಂಚೆ ಅಮೆರಿಕ ಬಿಟ್ಟು ಹೊರಡದ ಗಿಡ ಚರಕನ ಕೈಗೆ ಹೇಗೆ ಸಿಕ್ಕೀತು? ಹೆಸರು ಖಾಲಿ ಬಿದ್ದಿತ್ತು, ಲಕ್ಷಣಕ್ಕೆ ಹೊಂದುವ ಹೊಸ ಗಿಡ ಬಂದು ಕೂತಿತು. ಶಂಖಪುಷ್ಪಿಯದ್ದು ಇದಕ್ಕಿಂತ ಗೋಜಲು. ಆಯುರ್ವೇದದ ಅಧಿಕೃತ ಫಾರ್ಮಕೋಪಿಯ ಕಾನ್ವಾಲ್ವ್ಯುಲಸ್‌ನ ಒಂದು ಜಾತಿಯನ್ನು ಒಪ್ಪುತ್ತದೆ, ಕೇರಳದಲ್ಲಿ ಬಹುಕಾಲ ನೀಲಿ ಹೂವಿನ ಶಂಖಪುಷ್ಪದ ಬಳ್ಳಿ ಬಳಸಿದರು, ಬೇರೆಡೆ ವಿಷ್ಣುಕ್ರಾಂತಿ. ಈ ವಿಷ್ಣುಕ್ರಾಂತಿ ನಮ್ಮ ಒಣ ಮರಡಿಗಳ ಗಿಡ: ಕಟ್ಟಿಗೆಯಂಥ ಬೇರು, ಅದರಿಂದ ನಾಲ್ಕು ಕಡೆಗೆ ಹರಡಿದ ರೋಮದ ಎಳೆಗಳು, ಬೆಳಗಿನ ಹೊತ್ತು ಅರಳುವ ಉಗುರಿಗಿಂತ ಸಣ್ಣ ನೀಲಿ ಹೂ. ಹೆಸರು ನೋಡಿದರೆ ವೈಕುಂಠದ ಹಕ್ಕುದಾರ. ಆದರೆ ಅದು ಸೇರಿದ ಇವಾಲ್ವ್ಯುಲಸ್ ಕುಲದ ಸುಮಾರು ನೂರು ಜಾತಿಗಳಲ್ಲಿ ಒಂದೆರಡನ್ನು ಬಿಟ್ಟರೆ ಮಿಕ್ಕೆಲ್ಲ ಅಮೆರಿಕ ಖಂಡಗಳವೇ. ಇದು ಮಾತ್ರ ಎರಡೂ ಜಗತ್ತುಗಳಲ್ಲಿ ಹರಡಿದೆ. ಮನುಷ್ಯನಿಗಿಂತ ಮೊದಲೇ ತಾನಾಗಿ ದಾಟಿತೋ ಹೇಗೋ, ವಿಷ್ಣುವಿನ ಹೆಸರು ಆ ಪ್ರಯಾಣದ ಬಗ್ಗೆ ತುಟಿ ಬಿಚ್ಚುವುದಿಲ್ಲ.

ಹಾಗಾದರೆ ಲ್ಯಾಟಿನ್ ಹೆಸರನ್ನೇ ಕಲಿಸಿ, ಈ ಗಬ್ಬು ಸೇವಂತಿಗಳ ಗೊಡವೆ ಬೇಡ ಎಂಬುದು ಮೂರನೆಯವರ ವಾದ. ಲ್ಯಾಟಿನ್ ಹೆಸರಿನ ದೊಡ್ಡಗುಣ ಅದರ ಹಿಂದೆ ಒಂದು ಒಣಗಿಸಿದ ಮಾದರಿ ಕೂತಿರುತ್ತದೆ ಎಂಬುದು. ಸ್ವರ್ಣಕ್ಷೀರಿಗೆ ಇಲ್ಲದ ಬೆರಳು ಅದಕ್ಕಿದೆ. ಗುಲಬರ್ಗಾ ವಿಶ್ವವಿದ್ಯಾಲಯದ ವೈ.ಎನ್. ಸೀತಾರಾಮ್ ಮತ್ತು ಸಂಗಡಿಗರು 2000ದಲ್ಲಿ ಈ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಹೊರತಂದಾಗ ಆ ಶಿಸ್ತು ಇಲ್ಲದೆ ಒಂದು ಪುಟವೂ ಮುಂದೆ ಸಾಗುತ್ತಿರಲಿಲ್ಲ. ಆದರೆ ತವರಿನ ವಿಷಯಕ್ಕೆ ಬಂದರೆ ಲ್ಯಾಟಿನ್ನೂ ಕಾಶಿಕಣಗಿಲೆಯ ದೋಣಿಯಲ್ಲೇ ಇದೆ. ಎಕ್ಕೆಯ ಕುಟುಂಬದ, ಉತ್ತರ ಅಮೆರಿಕದ ಒಂದು ಬಹುವಾರ್ಷಿಕ ಮೂಲಿಕೆಗೆ ಲಿನೇಯಸ್ ಇಟ್ಟ ಹೆಸರು ಅಸ್ಕ್ಲೇಪಿಯಾಸ್ ಸಿರಿಯಾಕಾ. ಸಿರಿಯಾಕ್ಕೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಲೋಳಸರದ ಮೂಲ ಅರೇಬಿಯಾದ ಒಣಬೆಟ್ಟಗಳು, ಆದರೆ ಅದು ಬಹುಕಾಲ ಅಲೋ ಬಾರ್ಬಡೆನ್ಸಿಸ್ ಎಂದು ಕೆರಿಬಿಯನ್ ದ್ವೀಪದ ಹೆಸರು ಹೊತ್ತು ಸೀಸೆಗಳ ಮೇಲೆ ಮೆರೆಯಿತು. ಹೆಸರು ಅರ್ಥದಲ್ಲಿ ತಪ್ಪು ಎಂಬ ಒಂದೇ ಕಾರಣಕ್ಕೆ ಅದನ್ನು ಬದಲಿಸುವಂತಿಲ್ಲ ಎಂದು ಸಸ್ಯನಾಮಕರಣದ ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ. ಶಿಸ್ತು ಒಳ್ಳೆಯದೇ. ಹಳ್ಳಿಯ ಹೆಸರನ್ನು ಮಾತ್ರ ಮೂಢನಂಬಿಕೆ ಎಂದು ಕರೆಯುವುದಕ್ಕೆ ಅದು ಪರವಾನಗಿಯಲ್ಲ. ಈಚೆಗೆ ಹೊಲಗಳಲ್ಲಿ ಇವೆರಡಕ್ಕಿಂತ ಬಡವಾದ ಮೂರನೆಯ ನಾಮಾವಳಿ ಓಡಾಡುತ್ತಿದೆ. ಕಳೆನಾಶಕದ ಅಂಗಡಿಯಲ್ಲಿ ಎಲ್ಲ ಗಿಡಗಳಿಗೂ ಎರಡೇ ಹೆಸರು, ಅಗಲ ಎಲೆಯದು, ಕಿರಿದೆಲೆಯದು. ಜೇಕಿನ ಮೂರಂಚು ಆ ಲೆಕ್ಕದಲ್ಲಿ ಸೇರುವುದೇ ಇಲ್ಲ, ಆದ್ದರಿಂದ ಹುಲ್ಲಿಗೆಂದು ತಂದ ಔಷಧಿಗೆ ಅದು ಸಾಯುವುದೂ ಇಲ್ಲ.

ತವರು ಗೊತ್ತಾಗಿ ಆಗಬೇಕಾದ್ದೇನು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಪಾರ್ಥೇನಿಯಂ ಉದಾಹರಣೆ ಇಲ್ಲಿ ಸಾಕು, ಅದು ಬಹುವಾರ್ಷಿಕವಲ್ಲದಿದ್ದರೂ. 1956ರಲ್ಲಿ ಪುಣೆಯಿಂದ ವರದಿಯಾದ ಮೇಲೆ ಹಬ್ಬಿದ ಇದಕ್ಕೆ ಮರಾಠಿಯಲ್ಲಿ ಎಲೆ ನೋಡಿ ಗಾಜರ ಗವತ್ ಎಂದರು, ನಾವು ಕಾಂಗ್ರೆಸ್ ಕಸ ಎಂದೆವು. ಬಿಳಿ ಹೂವು ಬಿಳಿ ಟೋಪಿಯಂತೆ ಕಂಡದ್ದಕ್ಕೆ ಎನ್ನುವವರಿದ್ದಾರೆ, ಆ ಕಾಲದ ಸರ್ಕಾರದ ಮೇಲಿನ ಸಿಟ್ಟು ಎನ್ನುವವರಿದ್ದಾರೆ. ಹೆಸರಿನಿಂದ ತವರು ತಿಳಿಯದು, ಆದರೆ ಒಂದು ಕಾಲಮಿತಿ ತಿಳಿಯುತ್ತದೆ: ಕಾಂಗ್ರೆಸ್ ಪಕ್ಷ ಹುಟ್ಟಿದ 1885ಕ್ಕೆ ಮೊದಲು ಯಾರೂ ಈ ಹೆಸರು ಇಟ್ಟಿರಲಾರರು. ಗಿಡದ ತವರು ಮೆಕ್ಸಿಕೋ ಕಡೆಯದು ಎಂದು ಬೇರೆ ದಾರಿಯಿಂದ ಗೊತ್ತಿದ್ದುದರಿಂದಲೇ ಅದನ್ನು ತಿನ್ನುವ ಜೈಗೊಗ್ರಾಮ ದುಂಬಿಯನ್ನು ಅಲ್ಲಿಯೇ ಹುಡುಕಿ ಬೆಂಗಳೂರಿಗೆ ತಂದು 1984ರಲ್ಲಿ ಹೊರಗೆ ಬಿಟ್ಟರು. ತವರಿನ ಜ್ಞಾನಕ್ಕೆ ಉಪಯೋಗವಿರುವುದು ಇಂಥಲ್ಲಿ. ಸ್ವದೇಶಿ ಒಳ್ಳೆಯದು, ಪರದೇಶಿ ಕೆಟ್ಟದ್ದು ಎಂದು ತೀರ್ಪು ಕೊಡಲು ಅದನ್ನು ಬಳಸಿದರೆ ಜೇಕು ನಮ್ಮ ಮುಖ ನೋಡಿ ನಗುತ್ತದೆ, ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಇದೇ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಬಾಳೆಯೂ ಲೆಕ್ಕಕ್ಕೆ ಒಂದು ಬಹುವಾರ್ಷಿಕ ಮೂಲಿಕೆಯೇ, ಮರವಲ್ಲ; ಅದರ ಮೂಲ ಆಗ್ನೇಯ ಏಷ್ಯಾದ ದ್ವೀಪಗಳ ಕಡೆ. 1999ರ ಕಾಯಿದೆ ಕಮಲಾಪುರದಲ್ಲಿ ಬಾಳೆ ಹುಟ್ಟಿತೇ ಎಂದು ಕೇಳಲಿಲ್ಲ. ಆ ಮಣ್ಣಿನಲ್ಲಿ ಬೆಳೆದದ್ದಕ್ಕೆ ಬೇರೆಯದೇ ಗುಣ, ಹೆಸರು ಬಂದಿದೆಯೇ ಎಂದು ಕೇಳಿತು. ಕಾನೂನು ಈ ಒಂದು ವಿಷಯದಲ್ಲಿ ನಮ್ಮ ಸಸ್ಯಾಭಿಮಾನಿಗಳಿಗಿಂತ ಜಾಣತನ ತೋರಿಸಿದೆ ಎನ್ನಬೇಕು.

ನನ್ನ ವಾದಕ್ಕೆ ನಿಜವಾಗಿ ತೊಡಕಾಗುವ ಗಿಡ ಒಂದಿದೆ, ಉಮ್ಮತ್ತಿ ಅಥವಾ ದತ್ತೂರಿ. ತಿಪ್ಪೆಯ ಬದಿಯಲ್ಲಿ ಬೆಳೆಯುವ, ಕಹಳೆಯಂಥ ಹೂವಿನ, ಗಣಪತಿಯ ಇಪ್ಪತ್ತೊಂದು ಪತ್ರೆಗಳ ಪಟ್ಟಿಯಲ್ಲೂ ಶಿವನ ಪೂಜೆಯಲ್ಲೂ ಜಾಗ ಪಡೆದ ವಿಷದ ಗಿಡ. ದತುರಾ ಕುಲದ ಕಾಡುಜಾತಿಗಳೆಲ್ಲ ಅಮೆರಿಕದಲ್ಲೇ ಇರುವುದರಿಂದ ಇಡೀ ಕುಲವೇ ಕೊಲಂಬಸನ ನಂತರ ಇತ್ತ ಬಂದದ್ದು ಎಂದು ಸಸ್ಯಶಾಸ್ತ್ರಜ್ಞರು ಬಹುಕಾಲ ವಾದಿಸಿದರು. ಅದಕ್ಕೆ ಎದುರಾಗಿ ನಿಂತಿದ್ದು ಧತ್ತೂರ ಎಂಬ ಸಂಸ್ಕೃತ ಹೆಸರು, ಹಳೆಯ ಗ್ರಂಥಗಳಲ್ಲಿ ಹೆಸರಿನ ಜತೆಗೇ ಬರುವ ಹುಚ್ಚು ಹಿಡಿಸುವ ಗುಣದ ವರ್ಣನೆ. 2007ರಲ್ಲಿ ಆರ್. ಗೀತಾ ಮತ್ತು ವಲೀದ್ ಘರೈಬೆ ಜರ್ನಲ್ ಆಫ್ ಬಯೋಸೈನ್ಸಸ್‌ನಲ್ಲಿ ಈ ಪಠ್ಯಗಳನ್ನೂ ಶಿಲ್ಪಗಳನ್ನೂ ಕಲೆಹಾಕಿ, ಗಿಡ ಅಮೆರಿಕದ್ದೇ ಹೌದು, ಆದರೆ ಕ್ರಿಸ್ತಶಕದ ಮೊದಲ ಸಾವಿರ ವರ್ಷದೊಳಗೇ ಹೇಗೋ ಇಲ್ಲಿಗೆ ಬಂದಿತ್ತು ಎಂದು ವಾದಿಸಿದರು. ಸ್ವರ್ಣಕ್ಷೀರಿಯಂತೆ ಇಲ್ಲೂ ಹಳೆಯ ಹೆಸರಿಗೆ ಹೊಸ ಗಿಡ ಬಂದು ಕೂತಿತು ಎಂದು ಸುಲಭವಾಗಿ ಹೇಳಿಬಿಡಬಹುದಿತ್ತು. ಲಕ್ಷಣಗಳು ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದರಿಂದ ನಾಲಗೆ ತಡೆಯುತ್ತದೆ. ಮೈಕಟ್ಟಿನ ಸೂತ್ರವೂ ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಕನ್ನಡದ ಉಮ್ಮತ್ತಿ ಉನ್ಮತ್ತದಿಂದ ಬಂದದ್ದು, ದತ್ತೂರಿ ಧತ್ತೂರದಿಂದ. ಎಕ್ಕೆ, ತುಂಬೆಗಳಂತೆ ದ್ರಾವಿಡದ ಬೇರಿಗೆ ಇಳಿಯುವ ಹೆಸರು ಈ ಎರಡರಲ್ಲಿ ಯಾವುದೂ ಅಲ್ಲ. ಗಿಡ ದಕ್ಷಿಣಕ್ಕೆ ಶಾಸ್ತ್ರದ ಜತೆ ಇಳಿದು ಬಂತು ಎನ್ನಲು ಇಷ್ಟು ಸಾಲಬಹುದು; ಸಾಗರ ದಾಟಿದ್ದು ಯಾವಾಗ ಎನ್ನಲು ಸಾಲದು. ಅದಕ್ಕೆ ಬೇಕಾದದ್ದು ಕಾಲ ಗೊತ್ತಿರುವ ಮಣ್ಣಿನ ಪದರದಲ್ಲಿ ಸಿಕ್ಕ ಸುಟ್ಟ ಬೀಜ. ಹಳೆಯ ಗುಲಬರ್ಗಾ ಜಿಲ್ಲೆಯ ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ 1990ರ ದಶಕದಲ್ಲಿ ಕೆ. ಪದ್ದಯ್ಯನವರು ಅಗೆದ ಬೂದಿದಿಬ್ಬ ಸುಮಾರು ನಾಲ್ಕು ಸಾವಿರ ವರ್ಷ ಹಿಂದಿನ ದನಗಾಹಿಗಳದು. ದಕ್ಷಿಣದ ಇಂಥ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಹುರುಳಿ, ಹೆಸರು, ಕೊರಲೆಗಳ ಇದ್ದಿಲಾದ ಕಾಳುಗಳನ್ನು ಆರಿಸಿದ್ದಾರೆ. ಅಂಥ ಪದರದಿಂದ ಒಂದೇ ಒಂದು ದತ್ತೂರಿ ಬೀಜ ಎದ್ದುಬಂದರೂ 2007ರ ಲೇಖನವನ್ನೂ, ಅದು ಅಲ್ಲಗಳೆದ ಸಸ್ಯಶಾಸ್ತ್ರವನ್ನೂ, ಇಲ್ಲಿ ಮೇಲೆ ಹೇಳಿದ್ದರಲ್ಲಿ ಒಂದು ಪಾಲನ್ನೂ ಮತ್ತೆ ಬರೆಯಬೇಕಾಗುತ್ತದೆ.